ಕೆಂಪು ಗುಂಡಿ

ಸ್ಕೂಟರಿಗೆ ಸ್ಟ್ಯಾಂಡ್ ಹಾಕುವಾಗಲೇ ಮಾವ ಮಂಡಿ ಹಿಡಿದುಕೊಂಡು ಮುಖ ಕಿವುಚಿದ. ಆರು ಮಹಡಿಯ ಕಟ್ಟಡ. ಲಿಫ್ಟು ಓಡುತ್ತಿತ್ತು, ಆದರೆ ಅದರ ಬಾವಿಯ ತಳದಲ್ಲಿ ಹಳ್ಳದಂತಿರುವ ಗುಂಡಿಯೊಳಗಿನ ಕೆಂಪು ಒತ್ತುಗುಂಡಿ ಕೆಟ್ಟಿತ್ತು. ರಿಪೇರಿಗೆ ಕೆಳಗಿಳಿದವನು ಅದನ್ನು ಒತ್ತಿದರೆ ಲಿಫ್ಟು ನಿಂತಲ್ಲೇ ನಿಲ್ಲಬೇಕು. ಅದನ್ನು ಬದಲಾಯಿಸಬೇಕಿದ್ದರೆ ಮೊದಲು ತಾರಸಿಯ ಯಂತ್ರದ ಕೋಣೆಯಲ್ಲಿ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಬೇಕು.

ಇಪ್ಪತ್ತು ವರ್ಷದಿಂದ ಲಿಫ್ಟುಗಳ ಜೊತೆಗೇ ಬದುಕಿದ ಮಾವನಿಗೆ ಒಂದು ಹಳೆಯ ಜೋಕಿತ್ತು. ನಮ್ಮ ಕೆಲಸದಲ್ಲಿ ಗುಂಡಿ ಒತ್ತೋರು ಬೇರೆಯವರು, ಗುಂಡಿಗೆ ಇಳಿಯೋರು ನಾವು ಎನ್ನುವುದು. ಅಕ್ಕನ ಮಗ ಜೊತೆಗೆ ಕೆಲಸಕ್ಕೆ ಸೇರಿದ ಮೇಲೆ ಅದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಅಳಿಯ ಮೊದಮೊದಲು ನಗುತ್ತಿದ್ದ. ಈಚೆಗೆ ಅವನ ಕಣ್ಣು ಸದಾ ಫೋನಿನಲ್ಲೇ ನೆಟ್ಟಿರುತ್ತಿದ್ದರಿಂದ ಜೋಕು ಗಾಳಿಗೆ ಹೋಗುತ್ತಿತ್ತು.

ಬೀಗದ ವಿಷಯದಲ್ಲಿ ಮಾತ್ರ ಜೋಕಿರಲಿಲ್ಲ. ಗುಂಡಿಗೆ ಇಳಿಯುವವನು ತಾನೇ ಮೇಲೆ ಹೋಗಿ, ತಾನೇ ಸ್ವಿಚ್ ಆಫ್ ಮಾಡಿ, ತನ್ನ ಬೀಗ ಜಡಿದು ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಆ ಕೀಲಿಯನ್ನು ಹೆತ್ತ ತಂದೆಗೂ ಕೊಡುವಂತಿಲ್ಲ. ಮಾವ ಈ ನಿಯಮವನ್ನು ಹತ್ತಾರು ಹುಡುಗರ ತಲೆಗೆ ತುಂಬಿದ್ದವನು. ಆದರೆ ಅಂದು ಮಂಡಿ ಊದಿತ್ತು. ಮೇಲೆ ಹೋಗುವಾಗ ಲಿಫ್ಟಿದೆ, ಆಫ್ ಮಾಡಿದ ಮೇಲೆ ಇಳಿಯುವುದಕ್ಕೆ ಮೆಟ್ಟಿಲೇ ಗತಿ. ಎದುರಿಗೆ ನಿಂತಿದ್ದವನು ಹೊರಗಿನವನಲ್ಲ, ತಾನೇ ಎತ್ತಿ ಆಡಿಸಿದ ಅಕ್ಕನ ಮಗ.

"ಅಳಿಯದೇವ್ರೇ, ನೀವೇ ಸ್ವಲ್ಪ ದಯಮಾಡಿಸಿ" ಎಂದು ತನ್ನ ಬೀಗ, ಕೀಲಿ ಎರಡನ್ನೂ ಅವನ ಕೈಗಿಟ್ಟ.

ಅಳಿಯ ಲಿಫ್ಟಿನಲ್ಲಿ ಮೇಲೆ ಹೋದ. ಯಂತ್ರದ ಕೋಣೆಯ ಬಾಗಿಲು ತೆಗೆಯುವಷ್ಟರಲ್ಲಿ ಫೋನು ಟಿಣ್ ಎಂದಿತು. "ಗೆಳೆಯಾ, ನಿನಗೋಸ್ಕರ ಉಚಿತ ಆಟ! ಹತ್ತೇ ನಿಮಿಷ!" ಒಂದು ಬಣ್ಣದ ಚಕ್ರ ಕಣ್ಣು ಹೊಡೆಯುತ್ತ ಕಾಯುತ್ತಿತ್ತು.

ಈ ಗೆಳೆಯ ಎನ್ನುವ ಮಾತನ್ನು ದುಡ್ಡು ಕಟ್ಟಿಸಿ ಆಡಿಸುವ ಆ ಕಂಪನಿಯವರು ಎಲ್ಲಿಂದ ಕಲಿತರೋ. ಬೀದಿ ಮೂಲೆಯಲ್ಲಿ ಇಸ್ಪೀಟು ಹಾಕಿ ಕುಳಿತವರನ್ನು ಪೊಲೀಸರು ಕತ್ತಿನ ಪಟ್ಟಿ ಹಿಡಿದು ಎಳೆದೊಯ್ಯುತ್ತಾರೆ. ಊರಿಗೆ ಊರೇ ಜೇಬು ಖಾಲಿ ಮಾಡಿಕೊಳ್ಳುವಂತೆ ಮಾಡಿದವರು ಟೀವಿಯಲ್ಲಿ ಹಲ್ಲು ಕಿರಿಯುತ್ತಾರೆ, ಜಾಹೀರಾತಿನ ಕೊನೆಯಲ್ಲಿ ಯಾರಿಗೂ ಅರ್ಥವಾಗದ ವೇಗದಲ್ಲಿ ಎಚ್ಚರಿಕೆಯ ಮಾತೊಂದನ್ನು ಒದರಿ ಕೈ ತೊಳೆದುಕೊಳ್ಳುತ್ತಾರೆ. ಈ ಹುಡುಗ ಮೊದಲು ಆಡಿದ್ದೂ ಅವರು ಪುಕ್ಕಟೆ ಕೊಟ್ಟ ದುಡ್ಡಿನಲ್ಲೇ. ಗೆದ್ದಿದ್ದ ಕೂಡ. ಆಮೇಲೆ ಸಂಬಳ ಹೋಯಿತು. ಸ್ವಂತ ಸಲಕರಣೆಯ ಪೆಟ್ಟಿಗೆ ಕೊಳ್ಳಲೆಂದು ಅಮ್ಮ ಕೊಟ್ಟ ಹಣವೂ ಹೋಯಿತು. ಪೆಟ್ಟಿಗೆ ಕೊಂಡಿದ್ದೇನೆ, ಮಂಚದ ಕೆಳಗೆ ಇಟ್ಟಿದ್ದೇನೆ ಎಂದು ಅಮ್ಮನಿಗೂ ಮಾವನಿಗೂ ಹೇಳಿ ತಿಂಗಳಾಗಿತ್ತು. ಹೋದದ್ದನ್ನು ಒಂದೇ ಸಲ ವಾಪಸ್ ಗೆದ್ದು ಪೆಟ್ಟಿಗೆಯನ್ನು ನಿಜವಾಗಿಯೂ ತಂದು ಮಂಚದ ಕೆಳಗೆ ತಳ್ಳಿಬಿಡಬೇಕು ಎನ್ನುವುದೊಂದೇ ಅವನ ಯೋಚನೆ. ಬೆಳಿಗ್ಗೆ ಏಳುವುದೂ ಅದಕ್ಕೇ, ರಾತ್ರಿ ನಿದ್ದೆ ಬಾರದಿರುವುದೂ ಅದಕ್ಕೇ.

ಅವನು ಒಳಗೆ ಹೋಗಿ ಮೋಟಾರಿನ ಪಕ್ಕ ಕುಳಿತು ಆಡತೊಡಗಿದ್ದ. ಚಕ್ರ ತಿರುಗುತ್ತಿತ್ತು. ಕೆಳಗಿನಿಂದ ಮಾವನ ಫೋನು ಬಂತು.

"ಆಫ್ ಆಯ್ತಾ?"

"ಆಯ್ತು ಮಾವ" ಎಂದು ಹೇಳಿ ಅವನು ಕಾಲ್ ಕತ್ತರಿಸಿದ. ಕಾಲ್ ಬಂದು ಆಟ ಮುಚ್ಚಿಹೋಗಿತ್ತು. ಅದನ್ನು ಮತ್ತೆ ತೆರೆಯುವ ಆತುರ ಅವನಿಗೆ. ಬೀಗ ಅವನ ತೊಡೆಯ ಮೇಲಿತ್ತು. ಸ್ವಿಚ್ಚು ಹಾಗೇ ಇತ್ತು.

ಮಾವ ಗುಂಡಿಗೆ ಇಳಿದು, ಮಕ್ಕಳು ಓಡಾಡುವ ಜಾಗ, ಯಾರಾದರೂ ಬಿದ್ದಾರೆಂದು ಬಾಗಿಲನ್ನು ಒಳಗಿನಿಂದ ಎಳೆದುಕೊಂಡ. ರಿಪೇರಿಯ ಬೋರ್ಡನ್ನು ಗಮನಿಸದ ಹೆಂಗಸೊಬ್ಬರು ತರಕಾರಿ ಚೀಲ ಹಿಡಿದು ಬಂದು ಲಿಫ್ಟು ಕರೆಯುವ ಗುಂಡಿ ಒತ್ತಿದರು. ಅಳಿಯನ ಪಕ್ಕದಲ್ಲೇ ಮೋಟಾರು ಗುರ್ರೆಂದಿತು. ದಿನಾ ಕೇಳುವ ಸದ್ದು, ಫೋನಿನ ಚಕ್ರದಿಂದ ಅವನು ತಲೆ ಎತ್ತಲಿಲ್ಲ. ಮೋಟಾರು ನಿಂತಾಗ ಅವನಿಗೆ ಅದು ಅಷ್ಟು ಹೊತ್ತು ಓಡಿದ್ದು ಗೊತ್ತಾಯಿತು. ಆಗ ಹಗ್ಗಗಳ ನಡುವಿನಿಂದ, ಬಾವಿಯ ತಳದಿಂದ ಬಂದ ಹಾಗೆ, ಮಾವನ ದನಿ ಬಂತು. ಅವನು ಅಳಿಯನ ಹೆಸರು ಹಿಡಿದು ಕೂಗುತ್ತಿದ್ದ.

ಸ್ವಿಚ್ಚನ್ನು ಹೇಗೆ ಎಳೆದನೋ ಅವನಿಗೆ ನೆನಪಿಲ್ಲ. ಬ್ರೇಕು ಸಡಿಲಿಸಿ, ಮೋಟಾರಿನ ಕಬ್ಬಿಣದ ಚಕ್ರವನ್ನು ಎರಡೂ ಕೈಯಲ್ಲಿ ತಿರುಗಿಸಿ ಲಿಫ್ಟನ್ನು ಅಂಗುಲ ಅಂಗುಲವಾಗಿ ಮೇಲೆತ್ತಿದ. ತಿರುಗಿಸುತ್ತ ಅಳುತ್ತಿದ್ದ. ಆಮೇಲೆ ಮೆಟ್ಟಿಲುಗಳನ್ನು ಬೀಳುತ್ತ ಏಳುತ್ತ ಇಳಿದ.

ಮಾವ ಬದುಕಿದ್ದ. ಮೂಲೆಯಲ್ಲಿ ಅಂಗಾತ ಮಲಗಿಕೊಂಡಿದ್ದರಿಂದ ಲಿಫ್ಟು ಮೂಗಿನ ಮೇಲೆಯೇ ಬಂದು ನಿಂತಿತ್ತು. ಭುಜ ತರಚಿತ್ತು, ಅಂಗಿ ಹರಿದಿತ್ತು. ಗುಂಡಿಯ ನಡುವೆ ಲಿಫ್ಟಿನ ಆಘಾತ ತಡೆಯಲು ಇರುವ ಸ್ಪ್ರಿಂಗಿನ ಮೇಲೆ ಇಟ್ಟಿದ್ದ ಅವನ ಸಲಕರಣೆಯ ಪೆಟ್ಟಿಗೆ ಮಾತ್ರ ಅಪ್ಪಚ್ಚಿಯಾಗಿತ್ತು. ಹೆಂಗಸು ಚೀಲ ಬಿಟ್ಟು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಮಾವ ಅವರಿಗೇ ಸಮಾಧಾನ ಹೇಳಿ ಕಳಿಸಿ ಮೆಟ್ಟಿಲ ಮೇಲೆ ಕುಳಿತ. ಸ್ವಿಚ್ಚು ಕೈಕೊಟ್ಟಿರಬೇಕು ಎಂದೇ ಅವನು ನಂಬಿದ್ದ. ಅಳಿಯನ ಮೇಲೆ ಅನುಮಾನ ಅವನ ಮನಸ್ಸಿಗೇ ಬಂದಿರಲಿಲ್ಲ.

"ಹೋಗ್ಲಿ ಬಿಡು, ಜೀವ ಇದೆ. ಮನೆಗೆ ಹೋಗಿ ನಿನ್ನ ಪೆಟ್ಟಿಗೆ ತಗೊಂಡು ಬಾ, ಕೆಲಸ ಮುಗಿಸೋಣ" ಎಂದ.

ಅಳಿಯ ಕದಲಲಿಲ್ಲ. ಪೆಟ್ಟಿಗೆ ಇಲ್ಲ ಎಂದ. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಹೇಳಿದ, ಚಕ್ರ, ಸಂಬಳ, ಅಮ್ಮನ ಹಣ, ಕೊನೆಗೆ ತೊಡೆಯ ಮೇಲಿದ್ದ ಬೀಗ. ಕೇಳುತ್ತ ಕೇಳುತ್ತ ಮಾವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಹೊಡೆಯಲು ಕೈ ಎತ್ತಿದವನು ಹೊಡೆಯದೆ ಇಳಿಸಿಕೊಂಡ.

ಅಷ್ಟರಲ್ಲಿ ಅಳಿಯನ ಫೋನು ಬಡಿದುಕೊಂಡಿತು. ಮಾವ ಅದನ್ನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದ. ಆಟದ ಕಂಪನಿಯ ಹುಡುಗಿ, ಜೇನು ಸುರಿಯುವ ದನಿ. ಸರ್ ಆಟ ಅರ್ಧಕ್ಕೆ ನಿಂತಿದೆ, ಮುಂದುವರಿಸಿದರೆ ಬೋನಸ್ ಇದೆ ಎಂದಳು. ಇವನ ಮಾವ ಮಾತಾಡ್ತಿರೋದು, ಇನ್ಮೇಲೆ ಇವನು ಆಡೋದಿಲ್ಲ ಎಂದ ಮಾವ. ಅದು ಅವರ ಇಷ್ಟ, ನಾವು ಯಾರನ್ನೂ ಬಲವಂತ ಮಾಡುವುದಿಲ್ಲ, ಜವಾಬ್ದಾರಿಯಿಂದ ಆಡಿ ಎಂದು ನಾವೇ ಬರೆದಿದ್ದೇವಲ್ಲ ಎಂದಳು ಅವಳು. ಹೋದ ತಿಂಗಳು ಅಳಿಯನೇ ಆಟ ಬೇಡವೆಂದು ಕಂಪನಿಗೆ ಬರೆದಾಗಲೂ ಇದೇ ಜೇನು, ಜೊತೆಗೆ ಇನ್ನೊಂದು ಬೋನಸ್ಸು.

"ನಿಲ್ಲಿಸೋ ಗುಂಡಿ ಎಲ್ಲಿದೆ ಅದ್ರಲ್ಲಿ?" ಎಂದು ಮಾವ ಕೇಳಿದ.

"ಸರ್, ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿಂದ ಸಹಾಯ, ಅಲ್ಲಿಂದ—"

"ತಾಯಿ, ನಾನು ಲಿಫ್ಟ್ ರಿಪೇರಿಯವ್ನು. ಓಡೋ ಯಂತ್ರ ಮಾಡಿದವ್ನು ಅದನ್ನ ನಿಲ್ಲಿಸೋ ಗುಂಡಿನೂ ಇಡ್ಬೇಕು, ಕೆಂಪಗೆ, ಕೈಗೆ ಸಿಗೋ ಹಾಗೆ. ನೀವು ಓಡಿಸೋ ಗುಂಡಿನ ಹಣೆ ಮೇಲೆ ಇಟ್ಟು, ನಿಲ್ಲಿಸೋದನ್ನ ಪಾತಾಳದಲ್ಲಿ ಹೂತಿದೀರಿ. ಇದು ಆಟ ಅಲ್ಲ ತಾಯಿ, ಕೊಲೆ. ನಾನು ಈಗ ತಾನೇ ಅದರ ಅಡಿಯಿಂದ ಎದ್ದು ಬಂದೆ."

ಈಗ ಅವಳ ದನಿಯಲ್ಲಿ ಜೇನಿರಲಿಲ್ಲ, ಸುಸ್ತಿತ್ತು. "ನನಗೂ ಟಾರ್ಗೆಟ್ ಇದೆ ಸರ್, ಬಿಟ್ಟೋರನ್ನ ವಾಪಸ್ ಕರ್ಕೊಂಡು ಬರದಿದ್ರೆ ನನ್ನನ್ನೇ ಕಳಿಸ್ತಾರೆ" ಎಂದಳು. ಆಮೇಲೆ ಪಿಸುಗುಟ್ಟಿದಳು: "ಬೇಡ, ಸಾಕು ಅಂತ ಬರೆದ್ರೆ ನಾವು ಮತ್ತೆ ಫೋನ್ ಮಾಡ್ತೀವಿ. 'ಶಾಶ್ವತವಾಗಿ ಮುಚ್ಚಿ' ಅಂತ ಬರೀಲಿ. ಆ ಎರಡು ಪದ ಇದ್ರೆ ನಮ್ಮ ಕೈ ಕಟ್ಟುತ್ತೆ. ನಾನು ಹೇಳ್ದೆ ಅನ್ಬೇಡಿ." ಫೋನು ಕಡಿದುಹೋಯಿತು.

ಅಳಿಯ ಅಲ್ಲೇ ಕುಳಿತು ಕಂಪನಿಗೆ ಆ ಎರಡು ಪದಗಳನ್ನು ಬರೆದ. ಅಳುವ ಗೊಂಬೆಯೊಂದು ಬಂದು ಖಂಡಿತವಾಗಿಯೂ ಹೋಗುತ್ತೀಯಾ ಎಂದು ಕೇಳಿತು. ಆ ಗೊಂಬೆಯ ಕಣ್ಣೀರನ್ನು ಕುಳಿತು ಬಿಡಿಸಿದವನಿಗೂ ಮನೆಯಲ್ಲಿ ಮಕ್ಕಳಿರಬಹುದು. ಅಳಿಯ ಹೆಬ್ಬೆರಳಿನಿಂದ ಹೌದು ಎಂದು ಒತ್ತಿದ.

ಆಫೀಸಿಗೆ ಈ ವಿಷಯ ಬೇಡ ಎಂದು ಮಾವ ನಿರ್ಧರಿಸಿದ್ದ. ಸ್ವಿಚ್ಚು ಕೆಟ್ಟಿತ್ತು ಅಂದ್ರೆ ಮುಗೀತು, ಅಕ್ಕನ ಮುಖ ನೋಡೋಕಾದ್ರೂ ಆಗುತ್ತೆ ಎಂದ. ಮರುದಿನ ಮಾವ ಬರುವ ಮೊದಲೇ ಅಳಿಯ ಸೂಪರ್‌ವೈಸರ್ ಮುಂದೆ ನಿಂತು, ಆಫ್ ಆಯ್ತು ಅಂತ ನಾನೇ ಸುಳ್ಳು ಹೇಳಿದ್ದು ಎಂದ. ಆಫೀಸಿನವರು ಅವನಿಗೆಂದು ಕೊಟ್ಟಿದ್ದ ಬೀಗವನ್ನು ಕಿತ್ತುಕೊಂಡರು. ಮತ್ತೆ ಸಹಾಯಕನ ಕೆಲಸ, ಎಣ್ಣೆ ಹಾಕುವುದು, ಒರೆಸುವುದು. ಕೀಲಿಯನ್ನು ಕೈಬಿಟ್ಟದ್ದಕ್ಕೆ ಮಾವನಿಗೂ ಎಚ್ಚರಿಕೆ ಬಂತು. ಮಾವ ಕೆಲವು ದಿನ ಅವನೊಂದಿಗೆ ಮಾತಾಡಲಿಲ್ಲ. ಮನೆಯಲ್ಲಿ ಅಮ್ಮ ತನ್ನ ಹಳೆಯ ಬಟನ್ ಫೋನನ್ನು ಅವನಿಗೆ ಕೊಟ್ಟು ಅವನದನ್ನು ತಾನಿಟ್ಟುಕೊಂಡಳು.

ಆ ಕಟ್ಟಡದ ಕೆಲಸ ಹಾಗೇ ಉಳಿದಿತ್ತು. ಇಬ್ಬರೂ ಮತ್ತೆ ಹೋದರು. ಈ ಸಲ ಮಾವ ತಾನೇ ಮೇಲೆ ಬಂದ, ತಾನೇ ಸ್ವಿಚ್ಚು ಎಳೆದ, ಬೀಗ ಜಡಿದು ಕೀಲಿಯನ್ನು ಎದೆಯ ಜೇಬಿಗೆ ಹಾಕಿಕೊಂಡ. ನೀನು ಇಲ್ಲೇ ಇರು ಎಂದಷ್ಟೇ ಹೇಳಿ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದ. ಅವನ ಚಪ್ಪಲಿ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಬಟನ್ ಫೋನು ಬಡಿದುಕೊಂಡಿತು.

"ಆಫ್ ಆಯ್ತಾ?"

ಕೇಳಬೇಕಾದ ಅಗತ್ಯವೇ ಇರಲಿಲ್ಲ. ಬೀಗ ಹಾಕಿದವನೂ ಮಾವನೇ, ಕೀಲಿ ಇದ್ದದ್ದೂ ಅವನ ಜೇಬಿನಲ್ಲೇ. ಒಂದು ನಿಮಿಷ ಮಾವ ಎಂದು ಅಳಿಯ ಫೋನನ್ನು ಕೆಳಗಿಟ್ಟು, ಸ್ವಿಚ್ಚಿನ ಬಳಿಗೆ ಹೋಗಿ ಬೀಗವನ್ನು ಹಿಡಿದು ಜಗ್ಗಿದ. ಮತ್ತೊಮ್ಮೆ ಜಗ್ಗಿದ. ಅದು ಅಲುಗಲಿಲ್ಲ.

"ಆಫ್ ಆಗಿದೆ ಮಾವ. ಎಳೆದು ನೋಡಿದೆ."

ಸ್ವಲ್ಪ ಹೊತ್ತಿನ ಮೇಲೆ, ಹಗ್ಗಗಳ ನಡುವಿನಿಂದ, ಮಾವ ಗುಂಡಿಗೆ ಇಳಿದು ತನ್ನ ಹೊಸ ಪೆಟ್ಟಿಗೆಯನ್ನು ನೆಲಕ್ಕಿಟ್ಟ ಸದ್ದು ಕೇಳಿಸಿತು.