ಹೊಲಿಗೆ ಮಿಷನ್ನಿನ ಕಾಲ ಮೇಲೆ ಸೈಕಲ್ಲು

ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಮಾವನಿಗೆ ಮನೆಯಲ್ಲಿ ಕೈಕಟ್ಟಿ ಕೂರುವುದೆಂದರೆ ಮುಳ್ಳಿನ ಮೇಲೆ ಕೂತ ಹಾಗೆ. ನಲ್ಲಿ ರಿಪೇರಿ ಮಾಡಿದರು, ಅದು ಇನ್ನಷ್ಟು ಸೋರಿತು. ಗೋಡೆ ಗಡಿಯಾರ ಬಿಚ್ಚಿದರು, ಮತ್ತೆ ಜೋಡಿಸಿದಾಗ ಎರಡು ಸ್ಕ್ರೂ ಉಳಿದುಕೊಂಡವು. ಹಾಗಾಗಿ ಬೀದಿ ಕೊನೆಯ ಸೈಕಲ್ ಶಾಪಿನವನು ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟ ದಿನ ಬೀದಿಯವರೆಲ್ಲ ಪೇಚಾಡಿದರೆ, ಮಾವನ ಮುಖ ಮಾತ್ರ ಅರಳಿತು.

“ಇನ್ಮೇಲೆ ನಿನ್ನ ಸೈಕಲ್ ನನ್ನ ಜವಾಬ್ದಾರಿ ಕಣಮ್ಮ,” ಎಂದು ಸೊಸೆಗೆ ಹೇಳಿದರು. “ನಲವತ್ತು ಸೀಟಿನ ಬಸ್ಸನ್ನೇ ಪಳಗಿಸಿದೋನು ನಾನು. ಇದು ಒಂದೇ ಸೀಟಿಂದು.”

ಸೊಸೆ ಹೆರಿಗೆ ಮಾಡಿಸುವ ನರ್ಸು. ಕಾಲುವೆಯ ಆಚೀಚೆ ಚದುರಿದ ಮನೆಗಳಿಗೆ ಚೀಲವನ್ನು ಹಿಂದೆ ಬಿಗಿದುಕೊಂಡು ಸೈಕಲ್ಲಿನಲ್ಲೇ ಅವಳ ಓಡಾಟ. ಅವಳ ಗಂಡ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದ. ಮನೆಯಲ್ಲಿ ಹೆಚ್ಚಾಗಿ ಇರುತ್ತಿದ್ದವರು ಮಾವ, ಸೊಸೆ, ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಅತ್ತೆ, ಈ ಮೂವರೇ.

ಮಾವನಿಗೆ ಉತ್ಸಾಹವೇನೋ ಬೇಕಾದಷ್ಟಿತ್ತು, ಮಂಡಿಗಳು ಮಾತ್ರ ಮಾತು ಕೇಳುತ್ತಿರಲಿಲ್ಲ. ಮೊದಲ ದಿನ ಚೈನಿಗೆ ಎಣ್ಣೆ ಬಿಡಲು ಕುಕ್ಕರಗಾಲಿನಲ್ಲಿ ಕೂತವರನ್ನು ಎಬ್ಬಿಸಲು ಅತ್ತೆ ಒಂದು ಕೈ, ಸೊಸೆ ಒಂದು ಕೈ ಹಿಡಿಯಬೇಕಾಯಿತು.

“ಸೈಕಲ್ಲಿಗಿಂತ ಮೊದಲು ಇವರಿಗೊಂದು ಜಾಕು ತರ್ಬೇಕು,” ಎಂದರು ಅತ್ತೆ.

ಮಾವ ಸೋಲುವವರಲ್ಲ. ಮರುದಿನ ನಡುಮನೆಯ ತೊಲೆಗೆ ಎರಡು ಹಗ್ಗ ಕಟ್ಟಿ, ಸೈಕಲ್ಲನ್ನು ಎದೆಯೆತ್ತರಕ್ಕೆ ನೇತುಹಾಕಿದರು. ದೂರ ನಿಂತು ನೋಡಿದರೆ ಎಲ್ಲ ಸೊಗಸಾಗಿಯೇ ಇತ್ತು. ಹತ್ತಿರ ಬಂದು ಪೆಡಲನ್ನು ಜೋರಾಗಿ ತಿರುಗಿಸಿದ್ದೇ ತಡ, ಸೈಕಲ್ಲು ಗಿರ್ರನೆ ಒಂದು ಸುತ್ತು ಹೊಡೆದು ಹ್ಯಾಂಡಲ್ಲಿನಿಂದ ಅವರ ಕಿವಿಗೇ ಒಂದು ಬಿಟ್ಟಿತು. ಅತ್ತೆ ಸೂಜಿ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುವವರ ಮುಂದೆ ಎಡವಿ ಬಿದ್ದಂತಾಯಿತು ಮಾವನಿಗೆ. ಊದಿದ ಕಿವಿ ಹಿಡಿದುಕೊಂಡು ಮೂಲೆಯ ಕುರ್ಚಿ ಸೇರಿದರು, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅಂದಿನಿಂದ ಹೆಂಡತಿಯ ಜೊತೆ ಮಾತಿಗೆ ಬೀಗ.

ಎರಡು ದಿನ ಈ ಮೌನವ್ರತ ನೋಡಿ ಸೊಸೆಗೆ ಸಾಕಾಯಿತು.

“ಪಾಪ ಅತ್ತೆ, ಅವರು ಯೋಚನೆ ಮಾಡಿದ್ದು ಸರೀನೇ,” ಎಂದಳು. “ಆಸ್ಪತ್ರೇಲಿ ಮುರಿದ ಕಾಲನ್ನ ಹೀಗೇ ಮೇಲೆತ್ತಿ ಕಟ್ತೀವಿ. ಅದು ಅಲ್ಲಾಡಲ್ಲ, ಯಾಕಂದ್ರೆ ಕೆಳಗೆ ಮಂಚ ಭಾರ ಇರುತ್ತೆ. ನಮಗೂ ಕೆಳಗೊಂದು ಭಾರವಾದ್ದು ಬೇಕು.”

ಮಿಷನ್ ತುಳಿಯುತ್ತಿದ್ದ ಅತ್ತೆಯ ಕಾಲು ತಟ್ಟನೆ ನಿಂತಿತು. “ಹಿತ್ತಿಲಲ್ಲಿ ನನ್ನ ಹಳೇ ಮಿಷನ್ನಿನ ಬೀಡುಕಬ್ಬಿಣದ ಕಾಲಿದೆ. ಗುಜರಿಯವನು ಬಂದಾಗೆಲ್ಲ ನಿಮ್ಮ ಮಾವ ಕೊಟ್ಬಿಡು ಅಂತಾರೆ. ನಾನು ಕೊಟ್ಟಿಲ್ಲ.”

ಭಾನುವಾರ ಬೆಳಗ್ಗೆ ಇಬ್ಬರೂ ಸೇರಿ ಅದನ್ನು ಎಳೆದು ತಂದರು. ತುಕ್ಕು ಉಜ್ಜಿದರು. ಅದರ ನಡುವೆ ಹಳೆಯ ನೀರಿನ ಪೈಪನ್ನು ನೆಟ್ಟಗೆ ನಿಲ್ಲಿಸಿ, ಬೋಲ್ಟು ಹಾಕಿದರು. ಪೈಪಿನ ತುದಿಗೆ ಎರಡು ಮರದ ತುಂಡುಗಳು, ಸೈಕಲ್ಲಿನ ಸೀಟಿನ ಕೆಳಗಿನ ಕೊಳವೆಯನ್ನು ಮೊಸಳೆಯ ಬಾಯಿಯಂತೆ ಕಚ್ಚಿ ಹಿಡಿಯಲು. ಬಣ್ಣ ಕೆರೆಯದಿರಲೆಂದು ಅತ್ತೆ ಆ ಬಾಯಿಗೆ ಹಳೆಯ ಕೋಟಿನ ದಪ್ಪ ಬಟ್ಟೆಯಿಂದ ಮೆತ್ತೆ ಹೊಲಿದರು. ಎಲ್ಲ ಆಯಿತು, ಪೈಪು ಮಾತ್ರ ಕುಡಿದವನಂತೆ ಒಂದೇ ಕಡೆ ವಾಲುತ್ತಿತ್ತು.

ಪೇಪರಿನ ಹಿಂದಿನಿಂದ ಒಂದು ಕೆಮ್ಮು ಬಂತು. ಇನ್ನೊಂದು ಬಂತು. ಆಮೇಲೆ ಮಾತೇ ಬಂತು.

“ಅಲ್ಲ ಕಣೇ! ಒಂದೇ ಕಡೆ ನಟ್ಟು ಬಿಗಿದ್ರೆ ವಾಲದೆ ಇನ್ನೇನಾಗುತ್ತೆ? ಎದುರುಬದುರು ಬಿಗೀಬೇಕು, ಬಸ್ಸಿನ ಚಕ್ರದ ಹಾಗೆ!”

“ನೀವು ಪೇಪರ್ ಓದ್ತಿದ್ರಲ್ಲ?”

“ಓದಿ ಆಯ್ತು.”

“ಬೆಳಗ್ಗೆಯಿಂದ ಒಂದೇ ಪುಟಾನಾ?”

ಮಾವ ಎದ್ದು ಬಂದು ಅತ್ತೆಯ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡರು. ಮಧ್ಯಾಹ್ನದ ಹೊತ್ತಿಗೆ ಸೈಕಲ್ಲು ಎದೆಯೆತ್ತರದಲ್ಲಿ ಕಲ್ಲಿನಂತೆ ನಿಂತಿತ್ತು. ಮಾವ ಪೆಡಲು ತಿರುಗಿಸಿದರು, ಮೊದಲೇ ಕಿವಿಗೆ ಕೈ ಅಡ್ಡ ಹಿಡಿದುಕೊಂಡು. ಚಕ್ರ ಸುಯ್ಯೆಂದು ಸುತ್ತಿತು. ಸೈಕಲ್ಲು ಕದಲಲಿಲ್ಲ.

ಅಲ್ಲಿಂದ ಮನೆಯಲ್ಲಿ ಯಾವ ಸಾಮಾನಿಗೂ ನೆಮ್ಮದಿ ಉಳಿಯಲಿಲ್ಲ. ಗಟ್ಟಿ ಚಮಚದ ಹಿಡಿಯನ್ನು ಬಗ್ಗಿಸಿ ಅರದಿಂದ ಉಜ್ಜಿದರೆ ಅದು ಟೈರು ಎಬ್ಬಿಸುವ ಸಲಕರಣೆ. ಉಕ್ಕಿನ ಪಟ್ಟಿಗೆ ಸೀಳು ಹಾಕಿದರೆ ಅದು ಚಕ್ರದ ಕಡ್ಡಿ ಬಿಗಿಯುವ ಚಾವಿ. ಗುಜರಿಯಲ್ಲಿ ಸಿಕ್ಕ ಮುಂದಿನ ಫೋರ್ಕನ್ನು ತಲೆಕೆಳಗಾಗಿ ಅದೇ ಸ್ಟ್ಯಾಂಡಿನ ಬಾಯಿಗೆ ಕಚ್ಚಿಸಿದರೆ, ಚಕ್ರದ ಬೆಂಡು ತೆಗೆಯುವ ಯಂತ್ರ. ಬೆಂಡು ಎಲ್ಲಿದೆಯೆಂದು ತೋರಿಸಲು ಫೋರ್ಕಿನ ಎರಡೂ ಕಾಲಿಗೆ ಬಟ್ಟೆ ಒಣಹಾಕುವ ಒಂದೊಂದು ಕ್ಲಿಪ್ಪು.

ಅದರ ಪರೀಕ್ಷೆ ಬೇಗನೆ ಬಂತು. ಒಂದು ಸಂಜೆ ನಾಯಿ ಅಡ್ಡ ಬಂದು ಸೊಸೆ ಮೋರಿಗೆ ಬಿದ್ದಳು. ಅವಳಿಗೆ ಮೊಣಕೈ ತರಚಿದ್ದಷ್ಟೇ, ಮುಂದಿನ ಚಕ್ರ ಮಾತ್ರ ಸೊಟ್ಟಗಾಗಿ ತಿರುಗುವುದನ್ನೇ ಬಿಟ್ಟಿತ್ತು. ಬೆಳಗ್ಗೆ ನೋಡಿದರಾಯಿತು ಎಂದುಕೊಂಡರು. ಬೆಳಗ್ಗೆ ಎಲ್ಲರೂ ಏಳುವ ಮೊದಲೇ ಫೋನು ಬಂತು. ಕಾಲುವೆಯಾಚೆ ಬ್ರೆಡ್ಡು ಹಂಚುವವನ ಹೆಂಡತಿಗೆ ನೋವು ಶುರುವಾಗಿದೆ. ಗಂಡ ಬ್ರೆಡ್ಡಿನ ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಆಗಲೇ ಹೊರಟುಹೋಗಿದ್ದಾನೆ. ಕಾಲುವೆ ಏರಿಯ ಮೇಲೆ ಆಟೋ ಹೋಗುವ ದಾರಿಯಿಲ್ಲ. ನಡೆದರೆ ತಡವಾಗುತ್ತದೆ.

“ಚೀಲ ರೆಡಿ ಮಾಡ್ಕೊ ಹೋಗು,” ಎಂದರು ಮಾವ. ಚಕ್ರ ಬಿಚ್ಚಿದರು. ಚಮಚದ ಹಿಡಿಯಿಂದ ಟೈರು ಕಳಚಿದರು. ಚಕ್ರ ಫೋರ್ಕಿನ ಮೇಲೆ ಕೂತಿತು. ಅತ್ತೆ ಬಗ್ಗಿ ಕ್ಲಿಪ್ಪಿಗೆ ಕಣ್ಣಿಟ್ಟರು.

“ಎಡಕ್ಕೆ ಬಡೀತಿದೆ.”

ಮಾವ ಬಲಗಡೆಯ ಕಡ್ಡಿಯನ್ನು ಜೋರಾಗಿ ಬಿಗಿದರು. ಚಕ್ರ ಈಗ ಇನ್ನೊಂದು ಕಡೆ ಬಡಿಯಿತು. ಅವರು ಹಣೆಯ ಬೆವರು ಒರೆಸಿಕೊಂಡರು. “ಹೋಯ್ತು ಕಣೇ, ಕೆಡಿಸಿಬಿಟ್ಟೆ.”

“ಏನೂ ಕೆಟ್ಟಿಲ್ಲ, ಉಸಿರು ಬಿಡಿ,” ಎಂದರು ಅತ್ತೆ. “ರವಿಕೆಗೆ ತೋಳು ಕೂರಿಸೋವಾಗ ಒಂದೇ ಕಡೆ ಎಳೆದ್ರೆ ಸುಕ್ಕು ಬೀಳುತ್ತೆ. ಇಲ್ಲಿ ಸ್ವಲ್ಪ, ಪಕ್ಕದಲ್ಲಿ ಸ್ವಲ್ಪ. ಬಿಗಿದಷ್ಟು ಆ ಕಡೇದು ಸಡಿಲ ಬಿಡಿ. ನಾನು ಹೇಳ್ತೀನಿ, ನೀವು ತಿರುಗಿಸಿ.”

ಅತ್ತೆ ಹೇಳಿದರು, ಮಾವ ತಿರುಗಿಸಿದರು. ಕ್ಲಿಪ್ಪಿನ ಟಕ್ ಟಕ್ ಸದ್ದು ಸಣ್ಣದಾಗುತ್ತ ಬಂತು, ಆಮೇಲೆ ನಿಂತೇ ಹೋಯಿತು. ಟೈರು ಏರಿಸಿ ಗಾಳಿ ತುಂಬಿದ್ದೇ ಸೊಸೆ ಹಾರಿ ಕೂತಳು.

“ಬ್ರೇಕು ಮೆಲ್ಲಗೆ ಹಿಡೀಮ್ಮ!” ಎಂದು ಮಾವ ಕೂಗುವಷ್ಟರಲ್ಲಿ ತಿರುವು ದಾಟಿಯಾಗಿತ್ತು.

ಆಮೇಲೆ ಇಬ್ಬರಿಗೂ ಕೆಲಸ ಓಡಲಿಲ್ಲ. ಅತ್ತೆ ಒಂದೇ ಅಂಚನ್ನು ಹೊಲಿದರು, ಬಿಚ್ಚಿದರು. ಮಾವ ಬಾಗಿಲಿಗೂ ಗೇಟಿಗೂ ನಡುವೆ ಬಸ್ಸಿನಂತೆ ಟ್ರಿಪ್ಪು ಹೊಡೆದರು. ಊಟದ ಹೊತ್ತು ಮೀರಿದ ಮೇಲೆ ಸೊಸೆ ಬಂದಳು. ಮೈಯೆಲ್ಲ ಧೂಳು, ಮುಖದ ತುಂಬ ನಗು.

“ಹೆಣ್ಣು ಮಗು! ನಾನು ಹೋಗಿ ಕೈ ತೊಳ್ಕೊಳ್ಳೋಷ್ಟರಲ್ಲಿ ಬಂದೇಬಿಡ್ತು. ಏನು ಗಂಟಲು ಅತ್ತೆ ಅದಕ್ಕೆ!”

ಮಾವ ಮುಖ ತಿರುಗಿಸಿ ಚಕ್ರವನ್ನು ಪರೀಕ್ಷಿಸುವವರಂತೆ ಬಗ್ಗಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು. ಅತ್ತೆ ಅವರ ಬೆನ್ನು ಸವರಿದರು.

ಮರುದಿನ ಬ್ರೆಡ್ಡಿನವನು ಬೆಚ್ಚಗಿನ ಬ್ರೆಡ್ಡು ತಂದುಕೊಟ್ಟ. ಹೋಗುವಾಗ ಸ್ಟ್ಯಾಂಡಿನ ಸುತ್ತ ಎರಡು ಸುತ್ತು ಹಾಕಿ, “ನನಗೂ ಇಂಥದ್ದೊಂದು ಮಾಡ್ಕೊಡ್ತೀರಾ ಯಜಮಾನ್ರೇ?” ಎಂದ.

“ಅವರನ್ನಲ್ಲ, ನನ್ನ ಕೇಳಪ್ಪ,” ಎಂದರು ಅತ್ತೆ. “ಬೀಡಿನ ಕಾಲಂತೂ ಇನ್ನೊಂದಿಲ್ಲ. ಹಳೇ ಟೈರಿನೊಳಗೆ ಸಿಮೆಂಟ್ ಸುರಿದು ಪೈಪ್ ನಿಲ್ಸೋಣ.”

ಮುಂದಿನ ಭಾನುವಾರ ಸಿಮೆಂಟು ಸುರಿದದ್ದಾಯಿತು. ಒಣಗುವತನಕ ಕೆಲಸವಿಲ್ಲ. ಕೈ ತೊಳೆದುಕೊಂಡ ಅತ್ತೆ ಸೊಸೆಯ ಸೈಕಲ್ಲಿನ ಕಡೆ ನೋಡಿದರು.

“ಇಷ್ಟೆಲ್ಲ ಬಿಚ್ಚಿ ಜೋಡ್ಸಿದೀನಿ, ಒಂದ್ಸಲನೂ ಹತ್ತಿಲ್ಲ. ಹಿಡ್ಕೊಳ್ಳಮ್ಮ, ಹತ್ತೇಬಿಡ್ತೀನಿ.”

“ಈ ವಯಸ್ಸಲ್ಲಾ?” ಎಂದರು ಮಾವ.

“ವಯಸ್ಸು ನಿಮ್ಮ ಮಂಡಿಗೆ ಆಗಿದೆ, ನನಗಲ್ಲ.”

ಸೊಸೆ ಸೀಟು ಹಿಡಿದಳು. ಅತ್ತೆ ಬೀದಿಯ ಎರಡೂ ಬದಿಯ ಗೋಡೆಗಳಿಗೆ ಸಮನಾಗಿ ಹೆದರುತ್ತ, ಸೊಟ್ಟಸೊಟ್ಟಗೆ ಹೊರಟರು. ಮಾವ ಮಂಡಿಯ ಪರಿವೆಯೇ ಇಲ್ಲದೆ ಹಿಂದೆ ಓಡಿದರು, “ಮುಂದೆ ನೋಡೇ, ಮುಂದೆ ನೋಡು!” ಎನ್ನುತ್ತ. ಸೊಸೆ ಮೆಲ್ಲನೆ ಕೈ ಬಿಟ್ಟಳು. ಅತ್ತೆಗೆ ಅದು ಗೊತ್ತಾದದ್ದು ಬೀದಿಯ ಕೊನೆ ಮುಟ್ಟಿದ ಮೇಲೆಯೇ.

“ರೀ, ಇದನ್ನ ನಿಲ್ಸೋದು ಹೇಗ್ರೀ?” ಎಂದು ಕೂಗಿದರು, ಬಿದ್ದು ಬಿದ್ದು ನಗುತ್ತ.