ಕೊನೆಗದ್ದೆಗೆ ಮೊದಲ ನೀರು

ಊರ ಜಮೀನ್ದಾರರಾದ ದೊಡ್ಡಮನೆಯವರು ಸಭೆಯ ತೀರ್ಮಾನಕ್ಕೆ ಕಿಮಕ್ಕೆನ್ನದೆ ಒಪ್ಪಿಕೊಂಡದ್ದೇ ಅತ್ತೆಯ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಕಾಲುವೆ ಅವರ ಅಜ್ಜ ತೋಡಿಸಿದ್ದು. ನೀರು ಮೊದಲು ಅವರ ಗದ್ದೆಗೆ, ಮಿಕ್ಕರೆ ಕೆಳಗಿನವರಿಗೆ. ಸೊಸೆ ಮತ್ತು ಅವಳ ಸಂಘದವರು ಬಡಿಗೆ ಎತ್ತದೆ, ವರ್ಷವರ್ಷವೂ ಸಭೆಯಲ್ಲಿ ಕೈ ಎತ್ತಿಯೇ ಇದನ್ನು ಬದಲಿಸುತ್ತ ಬಂದಿದ್ದರು. ಮೊದಲು ನೀರಿಗಾಗಿ ದೊಡ್ಡಮನೆಗೆ ಮಾಡುತ್ತಿದ್ದ ಬಿಟ್ಟಿ ದುಡಿಮೆ ನಿಂತಿತು. ಆಮೇಲೆ ಕಾಲುವೆ ಊರಿನದಾಯಿತು. ಈ ಸಲ ನೀರಿನ ಸರದಿ ಕೊನೆಗದ್ದೆಯಿಂದ ಶುರುವಾಗಬೇಕೆಂದು ತೀರ್ಮಾನ. ಕೊನೆಗದ್ದೆ ಅತ್ತೆಯದು. ಅಲ್ಲಿ ಸಸಿಮಡಿ ಬಿರುಕು ಬಿಡುತ್ತಿತ್ತು. ಇವತ್ತು ನೀರುಣ್ಣದಿದ್ದರೆ ನಾಟಿಗೆ ಸಸಿಯೇ ಇಲ್ಲ.

"ಏನೋ ಮಸಲತ್ತು ಇದೆ ಕಣೇ."

"ಅತ್ತೆ, ಸಭೇಲಿ ಸೋತ್ರು, ಅಷ್ಟೇ."

"ಸೋತವರು ನಗ್ತಾ ಮನೆಗೆ ಹೋಗ್ತಾರಾ?"

ಸೊಸೆ ಮೇಲಿನ ಗದ್ದೆಗಳಿಗೆ ನೀರು ನುಗ್ಗುವ ಮಡೆಗಳೆಲ್ಲ ಮುಚ್ಚಿವೆಯೇ ಎಂದು ನೋಡಲು ಹೊರಟಳು. ಅತ್ತೆ ನೇರ ತೂಬಿಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಕಾಲುವೆ ನೋಡಿಕೊಳ್ಳುವ ನೀರುಗಂಟಿ ತೂಬಿನ ಹಲಗೆ ಎತ್ತಿ ನೀರು ಬಿಟ್ಟ.

"ಏನಕ್ಕಾ, ಕಾವಲಾ?"

"ನಿನ್ನನ್ನೇ ಕಾಯ್ತಿದೀನಿ. ದೊಡ್ಡಮನೆ ಉಪ್ಪು ತಿಂದ ಮೈ ನಿಂದು."

"ತಿಂದಿದ್ದು ಉಪ್ಪು ಮಾತ್ರ. ಬುದ್ಧಿ ಅವರ ಹತ್ರಾನೇ ಇದೆ, ಬಿಡು."

ದೊಡ್ಡಮನೆಯ ಯಜಮಾನ ಕೊಡೆ ಹಿಡಿದು ಬಂದು, "ನೀರು ಚೆನ್ನಾಗಿ ಹೋಗ್ತಿದೆಯಲ್ಲಮ್ಮ," ಎಂದು ನಡೆದುಹೋದ. ಅವನ ಬೆನ್ನು ಮರೆಯಾಗುವತನಕ ಅತ್ತೆ ರೆಪ್ಪೆ ಬಡಿಯಲಿಲ್ಲ. ಬಿಸಿಲು ನೆತ್ತಿಗೇರಿತು. ಹಲಗೆಯನ್ನು ಯಾರೂ ಮುಟ್ಟಲಿಲ್ಲ. ಅದೇ ಅವಳನ್ನು ಇನ್ನಷ್ಟು ಕಾಡಿತು.

ಸೊಸೆ ಮೊಣಕಾಲತನಕ ಕೆಸರು ಮೆತ್ತಿಕೊಂಡು ಓಡಿಬಂದಳು. "ಅತ್ತೇ! ನಮ್ಮ ಮಡೆ ಯಾಕೆ ತೆಗೆದಿಲ್ಲ? ನೀರೆಲ್ಲ ಹಳ್ಳಕ್ಕೆ ಹೋಯ್ತು! ನೀವು ಗದ್ದೇಲಿದೀರಿ ಅಂದ್ಕೊಂಡಿದ್ದೆ!"

ಅತ್ತೆ ಯಾವತ್ತಿನಂತೆ ಕೂಗಿಗೆ ಕಾದಿದ್ದಳು. ಮೇಲಿನ ಗದ್ದೆಯವನು ತನ್ನದು ತುಂಬಿದ ಮೇಲೆ "ನಮ್ಮದಾಯ್ತೋ!" ಎಂದು ಕೂಗುತ್ತಾನೆ, ಆ ಕೂಗಿಗೇ ಇವಳು ಬದುವಿನ ಮಣ್ಣು ಸರಿಸಿ ಮಡೆ ತೆಗೆಯುವುದು. ಇವಳು ಈ ಮನೆಗೆ ಬಂದಂದಿನಿಂದ ಹಾಗೇ. ಇವತ್ತು ಮೊದಲ ಸರದಿಯೇ ಇವಳದು, ಕೂಗಲು ಇವಳಿಗಿಂತ ಮುಂಚಿನವರು ಯಾರಿದ್ದರು?

"ಈಗ ತೆಗೆದು ಬಂದೆ. ಅರ್ಧ ಸಸಿಮಡಿ ನೆಂದಿದೆ," ಎಂದಳು ಸೊಸೆ.

"ಇನ್ನೊಂದು ಗಳಿಗೆ ಬಿಡೋ ತಮ್ಮಾ," ಎಂದಳು ಅತ್ತೆ.

ನೀರುಗಂಟಿ ತಲೆ ಕೆರೆದುಕೊಂಡ. "ಸಭೆ ಮಾತಕ್ಕಾ. ಮಧ್ಯಾಹ್ನದಿಂದ ನಿಮ್ಮ ಮೇಲಿನ ಗದ್ದೆಯವರ ಸರದಿ."

ಅತ್ತೆ ದೊಡ್ಡಮನೆಯತ್ತ ನೋಡಿದಳು. "ಅದಕ್ಕೇ ನಕ್ಕಿದ್ದು ಅವನು," ಎಂದು ಗೊಣಗಿ ಎದ್ದಳು. "ಮುಂದಿನ ಸರದಿಗೆ ನಾನು ಮಡೆ ಹತ್ರ ಇರ್ತೀನಿ. ಇಲ್ಲಿ ನೀನು ಕೂತ್ಕೋ."

"ಇನ್ನೂ ಕಾವಲು ಬೇಕಾ ಅತ್ತೆ?"

"ಬೇಕು," ಎಂದು ಅತ್ತೆ ಉಳಿದ ಅರ್ಧ ಸಸಿಮಡಿಗೆ ನೀರು ಹೊರಲು ಕೊಡ ತರಹೋದಳು.