ಲವಂಗ ಚುಚ್ಚಿದ ಎಲೆ

ಅಕ್ಕನ ಮುಡಿಗೆ ಕನಕಾಂಬರ ಮುಡಿಸುತ್ತಿದ್ದ ಚಿಕ್ಕಮಾದಮ್ಮ ಹೂವನ್ನು ಅಲ್ಲೇ ಬಿಟ್ಟು, ದಡಬಡನೆ ಜಗಲಿಯ ಮೆಟ್ಟಿಲಿಗೆ ಅಡ್ಡ ನಿಂತಳು.

“ಆ ಚೀಲ ಇತ್ಲಾಗಿ ತರಬ್ಯಾಡ, ಕರಿಯಪ್ಪಣ್ಣ.”

ಪಕ್ಕದ ಬೀದಿಯ ಮಾಜಿ ಹವಾಲ್ದಾರ್ ಕರಿಯಪ್ಪ ಕೆಳಗೇ ನಿಂತ. ಗೋಡೆಗೆ ಒರಗಿಸಿ ಕೂರಿಸಿದ್ದ ಅಕ್ಕ ಕೆಂಪಾಜಮ್ಮನ ಶವಕ್ಕೆ ಸೆಟೆದು ನಿಂತು ಸೆಲ್ಯೂಟ್ ಹೊಡೆದ.

“ಮೇಡಮ್ಮವ್ರಿಗೇ ತಂದಿದ್ದು ಕಣವ್ವ.”

“ತಂದಿರ್ತೀಯ ಬುಡು. ತಿಂಗ್ಳು ತಿಂಗ್ಳೂ ತತ್ತಿದ್ಯಲ್ಲ.”

ಮಿಲಿಟರಿಯವನ ಚೀಲದಲ್ಲಿ ಏನಿರುತ್ತದೆಂದು ದೇವನೂರಿಗೆಲ್ಲ ಗೊತ್ತು. ಗಂಡಸು ಸತ್ತರೆ ಗುಂಡಿಗೆ ಒಂದಿಷ್ಟು ರಮ್ಮು ಹುಯ್ದು, ಪಾಪ, ಇಷ್ಟಪಡ್ತಿದ್ದ ಎಂದು ಕಣ್ಣೊರೆಸಿಕೊಳ್ಳುವ ಜನ ಇವರು. ಹೆಂಗಸಿನ ಪಕ್ಕ ಒಂದು ಬಾಟಲಿ ಕಂಡರೆ ಅವಳ ಮಾನವನ್ನು ಮೂರು ಊರಿಗೆ ಹಂಚುತ್ತಾರೆ. ಇಪ್ಪತ್ತೆಂಟು ವರ್ಷ ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸಾಗಿ, ಮೇಜರ್ ಅನ್ನಿಸಿಕೊಂಡು ಬಂದ ಅಕ್ಕನ ಗುಟ್ಟನ್ನು ಚಿಕ್ಕಮಾದಮ್ಮ ಇಷ್ಟು ವರ್ಷ ಕಾಪಾಡಿದ್ದಳು. ಮಣ್ಣಿಗಿಡುವ ದಿನ ಬಿಟ್ಟುಕೊಡುವಳೇ?

*

ಮೂರು ವರ್ಷದ ಹಿಂದಿನ ಮಾತು. ಮಾಜಿ ಸೈನಿಕರನ್ನು ನೋಡುವ ಮೈಸೂರಿನ ಕ್ಲಿನಿಕ್ಕಿಗೆ ಹೊರಟಾಗ ಅಕ್ಕನ ಕೈ ಲೋಟ ಹಿಡಿಯಲಾರದಷ್ಟು ನಡುಗುತ್ತಿತ್ತು. ಚಿಕ್ಕಮಾದಮ್ಮ ಎಲೆ ಮಡಿಸಿ, ಲವಂಗ ಚುಚ್ಚಿ ಅಕ್ಕನ ಬಾಯಿಗಿಟ್ಟಳು.

“ಡಾಕ್ಟ್ರು ಮುಂದೆ ಅಗೀತಾನೇ ಇರು, ವಾಸ್ನೆ ಬರಬಾರ್ದು.”

ಅಲ್ಲಿ ಕರಿಯಪ್ಪನೂ ಇದ್ದ. ಅವನು ಕೂರುತ್ತಿದ್ದಂತೆ ಡಾಕ್ಟರು ಮೂಗು ಮುಚ್ಚಿಕೊಂಡು, “ದಿನಕ್ಕೆ ಎಷ್ಟು ಹಾಕ್ತೀಯಪ್ಪ?” ಎಂದು ನೇರ ಕೇಳಿದರು. ಚೆನ್ನಾಗಿ ಉಗಿದರು. ಕುಡಿತ ಬಿಡಿಸುವ ವಾರ್ಡಿಗೆ ಚೀಟಿ ಬರೆದು ಅವತ್ತೇ ಸೇರಿಸಿದರು.

ಅಕ್ಕನ ಸರದಿ ಬಂದಾಗ ಅದೇ ಡಾಕ್ಟರು ಎದ್ದು ನಿಂತು ಕೈಮುಗಿದರು. “ಒಂಟಿ ಜೀವ, ಮೇಡಂ. ಏನೇನೋ ಮನಸ್ಸಿಗೆ ಹಚ್ಕೋಬೇಡಿ.” ನಿದ್ದೆಗೊಂದು, ಬಿಪಿಗೊಂದು ಮಾತ್ರೆ ಬರೆದರು. ಆ ಇನ್ನೊಂದು ಪ್ರಶ್ನೆ ಅವರ ನಾಲಿಗೆಗೆ ಬರಲೇ ಇಲ್ಲ.

ಅಕ್ಕ ಎಲೆ ಅಗಿಯುವುದನ್ನು ನಿಲ್ಲಿಸಿದಳು. ಬಾಯಿ ತುಸು ತೆರೆದು, “ಡಾಕ್ಟ್ರೇ, ನಾನೂ...” ಎಂದಳು.

ಚಿಕ್ಕಮಾದಮ್ಮ ಅವಳ ಮೊಣಕೈ ಹಿಸುಕಿದಳು. “ಏಳಕ್ಕ, ಬಸ್ಸು ಒಂಟೋಯ್ತದೆ.”

*

“ನೀನು ಕುಡ್ತ ಬುಟ್ಬುಟ್ಟು ಗುಂಡುಕಲ್ಲಂಗಿದ್ದೀಯ. ಅಕ್ಕುಂಗೆ ಮಾತ್ರ ತಂದು ತಂದು ಕೊಟ್ಟೆ,” ಎಂದು ಚಿಕ್ಕಮಾದಮ್ಮ ಹಲ್ಲು ಕಚ್ಚಿ, ಜನಕ್ಕೆ ಕೇಳದಂತೆ ಅಂದಳು. “ನಾನು ಬಾಗ್ಲಲ್ಲೇ ವಾಪಸ್ ಕಳಿಸ್ತಿದ್ರೂ ಇತ್ತಲ ಕಿಟಕೀಲಿ ಕೊಡ್ತಿದ್ದೆ. ಇಲ್ದಿದ್ರೆ ಅಕ್ಕಿ ಗುಡಾಣದ ಇಂದೆ ಬಾಟ್ಲಿ ಎಲ್ಲಿಂದ ಬರೋದು?”

“ಪಿಂಚಣಿ ದಿನ ಅವ್ರೇ ಮೈಸೂರಿನ ಮಿಲಿಟ್ರಿ ಕ್ಯಾಂಟೀನಿಗೆ ಓಯ್ತಿದ್ರು ಕಣವ್ವ. ಆಫೀಸರ್ರು. ಅವ್ರಿಗೆ ಕ್ಯೂ ಇಲ್ಲ.”

ಕರಿಯಪ್ಪ ಚೀಲಕ್ಕೆ ಕೈಹಾಕಿದ. ಚಿಕ್ಕಮಾದಮ್ಮ ಜನಕ್ಕೆ ಕಾಣದಂತೆ ಸೆರಗು ಅಡ್ಡ ಹಿಡಿದಳು. ಹೊರಬಂದದ್ದು ದಾರ ಕಟ್ಟಿದ ಚೀಟಿಗಳ ಕಂತೆ. ಮೇಲಿನದರಲ್ಲಿ ಅಕ್ಕನ ಹೆಸರಿತ್ತು.

“ಎಂಗಸ್ರಿಗೆ ಆ ಕುಡ್ತ ಬುಡ್ಸೋ ವಾರ್ಡಲ್ಲಿ ಜಾಗಿಲ್ಲ ಅಂದ್ರು. ಕಾಡಿ ಬೇಡಿ ಒಂದು ಮಂಚ ಗೊತ್ತು ಮಾಡ್ದೆ. ತಿಂಗ್ಳು ಕಳದ್ರೆ ಚೀಟಿ ನಡೆಯಲ್ಲ, ಅದ್ಕೆ ಒಸಾದು ಬರಿಸ್ಕೊಂಡು ಬತ್ತಿದ್ದೆ.”

“ಯಾರು ಕೇಳಿದ್ರು ನಿನ್ನ?”

“ಅವ್ರೇ. ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದಾಗ, ‘ಕರಿಯಪ್ಪ, ನಂಗೂ ಒಂದು ಚೀಟಿ ಬರಿಸ್ಕೊಡಪ್ಪ, ನಮ್ಮ ಮಾದಮ್ಮಂಗೆ ಏಳಬ್ಯಾಡ, ಮಾನ ಓಯ್ತದೆ ಅಂತ ನೊಂದ್ಕತಾಳೆ’ ಅಂದ್ರು. ನಾನು ಬಂದಾಗ್ಲೆಲ್ಲ ನೀನು...” ಅವನು ಮೆಟ್ಟಿಲು ಹತ್ತಿ ಕಂತೆಯನ್ನು ಕೆಂಪಾಜಮ್ಮನ ಮಡಿಲಿಗಿಟ್ಟ. ಚಿಕ್ಕಮಾದಮ್ಮ ಈ ಸಲ ಅಡ್ಡ ನಿಲ್ಲಲಿಲ್ಲ. ಅಕ್ಕ ಮಲಗವ್ಳೆ, ಓಗು ಎಂದು ಎಷ್ಟು ಸಲ ಅಂದಿದ್ದೆನೋ ಎಂದು ಅವಳು ಕಂತೆಯ ಚೀಟಿಗಳನ್ನು ಕಣ್ಣಲ್ಲೇ ಎಣಿಸಿದಳು.

“ಒತ್ತಾಯ್ತು, ಬಾಯಿಗೆ ಎಲೆ ಇಡವ್ವ. ಒಡುಟ್ಟಿದವಳು ನೀನೇ ಇಡ್ಬೇಕು,” ಎಂದು ಮುದುಕಿ ಶಿವನಂಜಮ್ಮ ಎಲೆಯಡಿಕೆ ತಟ್ಟೆ ತಳ್ಳಿದಳು.

ಚಿಕ್ಕಮಾದಮ್ಮನ ಕೈ ತನ್ನಷ್ಟಕ್ಕೆ ಎಲೆ ಮಡಿಸಿತು, ಲವಂಗ ಚುಚ್ಚಿತು. ಅಕ್ಕನ ತುಟಿಯ ಹತ್ತಿರ ಒಯ್ದವಳು ನಿಂತಳು.

“ಇಡು ಮಗ, ಯಾಕೆ?”

ಅವಳು ಲವಂಗವನ್ನು ಕಿತ್ತಳು. ಎಲೆ ಬಿಚ್ಚಿಕೊಂಡು ಚೀಟಿಗಳ ಮೇಲೆ ಬಿತ್ತು. ಅಕ್ಕನ ಬಾಯಿ, ಅವತ್ತು ಡಾಕ್ಟರ ಮುಂದಿದ್ದ ಹಾಗೆಯೇ, ತುಸು ತೆರೆದಿತ್ತು.